ಹಂಗಿಲ್ಲದ ಋಣ

ಇಪ್ಪತ್ತೆರಡು ವರ್ಷದಿಂದ ದಿನಾ ಹತ್ತಾರು ಸಲ ನಾನು ಒಂದೇ ಪ್ರಶ್ನೆ ಕೇಳುತ್ತ ಬಂದಿದ್ದೇನೆ: "ನಿಮ್ಮ ಔಷಧಿಗೆ ನೀವು ದುಡ್ಡು ಕೊಡುವವರಾ?" ಇಂಗ್ಲೆಂಡಿನ ಲೆಸ್ಟರ್ ಊರಿನ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಕೇಳುವ ಪ್ರಶ್ನೆ ಇದು. ಇಂಗ್ಲಿಷಿನಲ್ಲಿ ಕೇಳುವಾಗ ಏನೂ ಅನ್ನಿಸುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರು 'ಪಾಸಾ, ಟಿಕೇಟಾ' ಅಂದ ಹಾಗೆ. ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡರೆ ಮಾತ್ರ ನಾಲಿಗೆ ತಡವರಿಸುತ್ತದೆ. ನಮ್ಮ ತುಮಕೂರು ಕಡೆ ಬಾಗಿಲಿಗೆ ಬಂದವರನ್ನು 'ನೀವು ಕೊಡುವವರಾ, ಬೇಡುವವರಾ' ಅಂತ ಯಾರಾದರೂ ಕೇಳುತ್ತಾರೆಯೇ?

2025ರ ಮಾರ್ಚಿನಲ್ಲಿ ನನಗೆ ಅರವತ್ತು ತುಂಬಿತು. ಎರಡು ದಿನ ಬಿಟ್ಟು, ಕೆಲಸ ಮುಗಿದ ಮೇಲೆ, ಕೌಂಟರಿನ ಈಚೆ ಬಂದು ನನ್ನದೇ ಔಷಧಿಗೆ ನಿಂತೆ. ರಕ್ತದೊತ್ತಡದ್ದೊಂದು, ಕೊಲೆಸ್ಟರಾಲಿನದೊಂದು. ಹೊಸದಾಗಿ ಸೇರಿದ ಗುಜರಾತಿ ಹುಡುಗಿ ಪರದೆ ನೋಡಿದಳು, ಪೊಟ್ಟಣ ಮುಂದಿಟ್ಟಳು. ಪ್ರಶ್ನೆ ಕೇಳಲಿಲ್ಲ. ಪರದೆಯ ಮೇಲಿದ್ದ ನನ್ನ ಹುಟ್ಟಿದ ತಾರೀಖು ಅವಳಿಗೆ ಉತ್ತರ ಹೇಳಿಬಿಟ್ಟಿತ್ತು. "ಹ್ಯಾಪಿ ಬರ್ತ್‌ಡೇ ಆಂಟಿ" ಅಂದಳು. ನಾನು ಇನ್ನೂ ಪರ್ಸಿನೊಳಗೆ ಕೈಯಿಟ್ಟುಕೊಂಡೇ ನಿಂತಿದ್ದೆ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಯಾರದೋ ಮದುವೆಗೆ ಕರೆಯದೆ ಹೋಗಿ ಪಂಕ್ತಿಯಲ್ಲಿ ಕೂತ ಹಾಗಾಯಿತು. ಮನೆಗೆ ಹೋಗುವ ಬಸ್ಸಿನಲ್ಲಿ ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದೆ. ಕೈಕಾಲು ಗಟ್ಟಿಯಿದೆ, ಸಂಬಳ ಬರುತ್ತಿದೆ, ಮನೆ ಸಾಲ ತೀರಿದೆ. ಮೊನ್ನೆ ಭಾನುವಾರದವರೆಗೂ ಕೊಡುತ್ತಿದ್ದವಳು ಸೋಮವಾರದಿಂದ ಕೊಡಬೇಕಾಗಿಲ್ಲ ಅಂದರೆ ಒಂದು ರಾತ್ರಿಯಲ್ಲಿ ನನ್ನಲ್ಲಿ ಬದಲಾದದ್ದೇನು?

ಇಲ್ಲಿನ ವ್ಯವಸ್ಥೆ ಹೀಗಿದೆ. ಡಾಕ್ಟರರನ್ನು ನೋಡುವುದಕ್ಕೆ ದುಡ್ಡಿಲ್ಲ, ಆಸ್ಪತ್ರೆಯಲ್ಲಿ ಮಲಗುವುದಕ್ಕೂ ದುಡ್ಡಿಲ್ಲ. ಅವರು ಬರೆದುಕೊಟ್ಟ ಔಷಧಿಗೆ ಮಾತ್ರ ಒಂದೊಂದಕ್ಕೂ ಇಷ್ಟು ಅಂತ ಶುಲ್ಕ. 2024ರ ಮೇ ತಿಂಗಳಲ್ಲಿ ಅದು 9.90 ಪೌಂಡ್ ಆಯಿತು. ಮಾತ್ರೆಯ ಅಸಲು ಬೆಲೆ ಒಂದು ಪೌಂಡಿರಲಿ, ಸಾವಿರ ಪೌಂಡಿರಲಿ, ಕೌಂಟರಿನಲ್ಲಿ ಇಡಬೇಕಾದದ್ದು ಅಷ್ಟೇ. ತಿಂಗಳು ತಿಂಗಳೂ ಬೇಕಾದವರು ವರ್ಷಕ್ಕೆ 114.50 ಪೌಂಡ್ ಮುಂಗಡ ಕಟ್ಟಿ ಒಂದು ಸರ್ಟಿಫಿಕೇಟ್ ತೆಗೆದುಕೊಳ್ಳಬಹುದು. ಆಮೇಲೆ ಎಷ್ಟು ಔಷಧಿಯಾದರೂ ಆಗಲಿ. ನನ್ನ ಪರ್ಸಿನಲ್ಲಿ ಇದ್ದದ್ದು ಅದೇ. ಅರವತ್ತು ತುಂಬಿದವರು, ಹದಿನಾರರೊಳಗಿನ ಮಕ್ಕಳು, ಬಸುರಿಯರು, ಬಾಣಂತಿಯರು, ಸರ್ಕಾರದ ಕೆಲವು ನೆರವು ಪಡೆಯುವ ಬಡವರು, ಪಟ್ಟಿಯಲ್ಲಿರುವ ಕೆಲವು ಕಾಯಿಲೆಯವರು ಇವರಿಗೆಲ್ಲ ವಿನಾಯಿತಿ. ಹೀಗೆ ಸೋಸಿ ಸೋಸಿ ಕೊನೆಗೆ ಇಂಗ್ಲೆಂಡಿನಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಔಷಧಿ ಪುಕ್ಕಟೆಯಾಗಿಯೇ ಹೋಗುತ್ತವೆ. ಉಳಿದ ಒಂದಕ್ಕೆ ಆ ಪ್ರಶ್ನೆ.

ಮೊದಲು ಪ್ರಶ್ನೆಯೇ ಇರಲಿಲ್ಲ. 1948ರ ಜುಲೈ 5ರಂದು ಈ ಆರೋಗ್ಯ ಸೇವೆ ಶುರುವಾದಾಗ ಔಷಧಿ, ಕನ್ನಡಕ, ಹಲ್ಲುಕಟ್ಟು ಎಲ್ಲವೂ ಎಲ್ಲರಿಗೂ ಪುಕ್ಕಟೆ. ಅದನ್ನು ಕಟ್ಟಿದ ಮಂತ್ರಿ ಅನ್ಯೂರಿನ್ ಬೆವನ್ ವೇಲ್ಸಿನ ಟ್ರೆಡೀಗರ್ ಎಂಬ ಗಣಿ ಊರಿನವರು. ಅಲ್ಲಿ ಕೂಲಿಕಾರರು ತಮ್ಮ ಕೂಲಿಯಿಂದ ಇಷ್ಟು ಅಂತ ಒಟ್ಟುಹಾಕಿ ತಾವೇ ಡಾಕ್ಟರರನ್ನು ಇಟ್ಟುಕೊಂಡಿದ್ದರು. ಯಾರಿಗೆ ಕಾಯಿಲೆಯಾದರೂ ಆ ಗಂಟಿನಿಂದ ಔಷಧಿ. ಬೆವನ್ ಅದನ್ನೇ ದೇಶಕ್ಕೆ ಹಿಗ್ಗಿಸಿದರು. ಮೂರೇ ವರ್ಷದಲ್ಲಿ, 1951ರಲ್ಲಿ, ಅವರದೇ ಸರ್ಕಾರ ಹಲ್ಲುಕಟ್ಟಿಗೂ ಕನ್ನಡಕಕ್ಕೂ ಶುಲ್ಕ ಹಾಕಹೊರಟಾಗ ಬೆವನ್ ಮಂತ್ರಿಗಿರಿ ಬಿಟ್ಟು ಹೊರಬಂದರು. ಅವರ ಜೊತೆಗೆ ಹೆರಾಲ್ಡ್ ವಿಲ್ಸನ್ ಎಂಬ, ವಯಸ್ಸಿನಲ್ಲಿ ಕಿರಿಯರಾದ ಮಂತ್ರಿಯೂ ಹೊರಬಂದರು. 1952ರಲ್ಲಿ, ಬೇರೆ ಪಕ್ಷದ ಸರ್ಕಾರದ ಕಾಲದಲ್ಲಿ, ಔಷಧಿ ಚೀಟಿಗೂ ಒಂದು ಶಿಲ್ಲಿಂಗ್ ಬಿತ್ತು. ಅದೇ ವಿಲ್ಸನ್ ಪ್ರಧಾನಿಯಾಗಿ 1965ರಲ್ಲಿ ಅದನ್ನು ತೆಗೆದುಹಾಕಿದರು. ಮತ್ತೆ ಅದೇ ವಿಲ್ಸನ್, ಪೌಂಡಿನ ಬೆಲೆ ಕುಸಿದು ಖಜಾನೆ ಬಿಗಿಯಾದಾಗ, 1968ರಲ್ಲಿ ವಾಪಸು ತಂದರು. ಆದರೆ ಬರಿಗೈಯಲ್ಲಿ ತರಲಿಲ್ಲ. ಯಾರಿಗೆ ಬೇಡ ಎಂಬ ಪಟ್ಟಿಯನ್ನೂ ಜೊತೆಗೆ ತಂದರು. ಮುದುಕರಿಗೆ ವಿನಾಯಿತಿ ಸಿಕ್ಕಿದ್ದು ಅಲ್ಲಿಂದ. ಆ ಮನುಷ್ಯನ ಸಂಕಟವನ್ನು ನಾನು ಆ ಪಟ್ಟಿಯಲ್ಲೇ ಓದಿಕೊಳ್ಳುತ್ತೇನೆ. ತತ್ವವನ್ನು ಪೂರ್ತಿ ಕಾಪಾಡಲಾಗದವನು ಮಕ್ಕಳು ಮುದುಕರನ್ನಾದರೂ ಎತ್ತಿಕೊಂಡು ಹೊರಗೆ ಓಡಿಬಂದ ಹಾಗಿದೆ ಅದು.

ಆದರೆ ನನ್ನ ತೊಡಕು ರಾಜಕೀಯದ್ದಲ್ಲ. ಅದು ನಮ್ಮ ಅಪ್ಪನಿಂದ ಬಂದದ್ದು.

ಅಪ್ಪ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್. 1970ರ ದಶಕ. ಕೆಮ್ಮಿಗೆ, ಹೊಟ್ಟೆನೋವಿಗೆ, ಜ್ವರಕ್ಕೆ ದೊಡ್ಡ ಜಾಡಿಗಳಲ್ಲಿ ಮಿಕ್ಸ್ಚರ್ ಕಲಸಿಡುತ್ತಿದ್ದರು. ಜನ ಮನೆಯಿಂದ ಸೀಸೆ ತರಬೇಕು. ಅಪ್ಪ ಅದಕ್ಕೆ ಔಷಧಿ ತುಂಬಿ, ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಸೀಸೆಗೆ ಅಂಟಿಸುತ್ತಿದ್ದರು. ಒಂದು ಹಲ್ಲು ಒಂದು ಹೊತ್ತು. ಓದು ಬಾರದವರಿಗೂ ತಿಳಿಯುತ್ತಿತ್ತು. ಔಷಧಿಗೆ ದುಡ್ಡಿಲ್ಲ. ಆದರೂ ಹಳ್ಳಿಯವರು ಹೋಗುವಾಗ ಆ ಕಿಟಕಿಯ ಕಟ್ಟೆಯ ಮೇಲೆ ಐದು ಪೈಸೆಯೋ ಹತ್ತು ಪೈಸೆಯೋ ಇಟ್ಟು ಹೋಗುವರು. "ಬ್ಯಾಡ ಕಣಪ್ಪ, ಇದು ಸರ್ಕಾರದ್ದು" ಅಂತ ಅಪ್ಪ ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಅಪ್ಪ ಆ ಕಾಸನ್ನು ಮುಟ್ಟದೆ ಒಂದು ಹಾರ್ಲಿಕ್ಸ್ ಡಬ್ಬಿಗೆ ಹಾಕಿಡುತ್ತಿದ್ದರು.

ಅವರು ಇಟ್ಟದ್ದು ಲಂಚವಲ್ಲ, ಬೆಲೆಯೂ ಅಲ್ಲ. ಅದರ ಹಿಂದೆ ಒಂದು ನಂಬಿಕೆ ಇತ್ತು: ಸುಮ್ಮನೆ ತಗೊಂಡ ಔಷಧಿ ನಾಟುವುದಿಲ್ಲ. ಇದಕ್ಕೆ ಎದುರುಬದುರಾದ ಇನ್ನೊಂದು ನಂಬಿಕೆಯೂ ಅದೇ ಊರಲ್ಲಿತ್ತು. ಕಾಮಾಲೆಗೆ ಬೇರು ಅರೆದು ಕೊಡುವ ಅಜ್ಜ ಒಬ್ಬರಿದ್ದರು. ಭಾನುವಾರ ಬರಿ ಹೊಟ್ಟೆಯಲ್ಲಿ ಹೋಗಬೇಕು. ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ. ಕೊಡುವವನು ತೆಗೆದುಕೊಳ್ಳಬಾರದು, ತೆಗೆದುಕೊಳ್ಳುವವನು ಸುಮ್ಮನೆ ತೆಗೆದುಕೊಳ್ಳಬಾರದು. ಈ ಎರಡರ ನಡುವೆ ದಾರಿಯೆಲ್ಲಿ? ಎರಡು ಎಲೆ, ಒಂದು ಅಡಿಕೆ. ಅಷ್ಟನ್ನು ತಟ್ಟೆಯಲ್ಲಿಟ್ಟು ಕೈಮುಗಿದು ಬರುವುದು. ಎಲೆ ಅಡಿಕೆ ಬೆಲೆಯಲ್ಲ, ಅದು ಹಂಗು ಕಳೆಯುವ ಉಪಾಯ.

ಹಂಗು ಎಂಬ ಮಾತಿಗೆ ನಾನು ಇಂಗ್ಲಿಷಿನಲ್ಲಿ ಸರಿಯಾದ ಜೊತೆ ಕಂಡಿಲ್ಲ. ಒಬ್ಬರು ಕೊಟ್ಟದ್ದು ನಮ್ಮ ಕತ್ತಿನ ಮೇಲೆ ಕೂತು, ಅವರೆದುರು ಸಿಕ್ಕಾಗಲೆಲ್ಲ ತಲೆ ಬಗ್ಗಿಸುವಂತೆ ಮಾಡುವ ಭಾರ ಅದು. ಋಣ ಬೇರೆ. ಅನ್ನದ ಋಣ, ಮಣ್ಣಿನ ಋಣ, ಹೆತ್ತವರ ಋಣ. ಋಣ ಇದೆ ಅಂದುಕೊಂಡಾಗ ತಲೆ ಬಾಗುತ್ತದೆ, ಆದರೆ ಯಾರೂ ಬಗ್ಗಿಸಿದ್ದಲ್ಲ. ಹಂಗು ನಮ್ಮನ್ನು ಕುಗ್ಗಿಸುತ್ತದೆ. ಋಣ ಒಬ್ಬರ ಜೊತೆ ಕಟ್ಟಿಹಾಕುತ್ತದೆ, ಅದಕ್ಕೇ ಋಣಾನುಬಂಧ ಅನ್ನುವುದು. ನಮ್ಮ ಅಮ್ಮನಿಗೆ ಈ ಎರಡರ ವ್ಯತ್ಯಾಸ ಉಸಿರಾಟದಷ್ಟು ಸಹಜವಾಗಿ ಗೊತ್ತಿತ್ತು.

2011ರಲ್ಲಿ ಅಮ್ಮ ಇಲ್ಲಿಗೆ ಬಂದಿದ್ದರು. ಎಪ್ಪತ್ತೆರಡು ವರ್ಷ. ಬಂದ ಮೂರನೇ ವಾರಕ್ಕೆ ಎದೆಯಲ್ಲಿ ಕಫ ಕಟ್ಟಿ ಜ್ವರ. ನಮ್ಮ ಬಡಾವಣೆಯ ಡಾಕ್ಟರು ನೋಡಿ ಆಂಟಿಬಯಾಟಿಕ್ ಬರೆದರು. ನಮ್ಮ ಅಂಗಡಿಯಿಂದಲೇ ತಂದುಕೊಟ್ಟೆ.

"ಎಷ್ಟಾಯ್ತು?"

"ಏನಿಲ್ಲಮ್ಮ. ಅರವತ್ತು ದಾಟಿದವರಿಗೆ ಇಲ್ಲಿ ದುಡ್ಡಿಲ್ಲ."

"ನಾನು ಈ ದೇಶದವಳಲ್ಲವಲ್ಲೇ."

"ಆದರೂ ಇಲ್ಲ. ವಯಸ್ಸು ನೋಡ್ತಾರೆ ಅಷ್ಟೇ."

ಅಮ್ಮ ಮಾತ್ರೆ ನುಂಗಲಿಲ್ಲ. "ಸುಮ್ಮನೆ ತಗಂಡ್ರೆ ನಾಟಲ್ಲ ಕಣೇ. ಯಾರಿಗಾದ್ರೂ ಏನಾದ್ರೂ ಕೊಟ್ಟು ಬಾ." ಯಾರಿಗೆ ಕೊಡಲಿ? ಇಂಗ್ಲೆಂಡಿನ ಖಜಾನೆಗೆ ಎಲೆ ಅಡಿಕೆ ಇಡುವ ತಟ್ಟೆ ಎಲ್ಲಿದೆ? ಕೊನೆಗೆ ನನ್ನ ಗಂಡ ಅಂಗಡಿಯಿಂದ ಒಂದು ತೆಂಗಿನಕಾಯಿ ತಂದರು. ಅಮ್ಮ ಜ್ವರದಲ್ಲೇ ಎದ್ದು ಕೊಬ್ಬರಿ ಮಿಠಾಯಿ ಮಾಡಿ ಡಬ್ಬಿಗೆ ಹಾಕಿಕೊಟ್ಟ ಮೇಲೆಯೇ ಮಾತ್ರೆ ನುಂಗಿದ್ದು. ಮರುದಿನ ಆ ಡಬ್ಬಿಯನ್ನು ನಮ್ಮ ಫಾರ್ಮಸಿಸ್ಟರ ಮುಂದಿಟ್ಟು ಸಂಕೋಚದಿಂದ ಕಥೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೈ ತೊಳೆದುಕೊಂಡು ಬಂದು, ಒಂದು ತುಂಡು ಬಾಯಿಗೆ ಹಾಕಿಕೊಂಡು, "ತಾಯಿಗೆ ಹೇಳಿ, ತಲುಪಿತು ಅಂತ" ಅಂದರು.

ಅವರು ಉಗಾಂಡಾದ ಗುಜರಾತಿ. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರನ್ನು ಓಡಿಸಿದಾಗ ಹತ್ತು ವರ್ಷದ ಹುಡುಗ. ಆಗ ಇದೇ ಲೆಸ್ಟರಿನ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮ ಊರಿಗೆ ಬರಬೇಡಿ, ಇಲ್ಲಿ ಜಾಗವಿಲ್ಲ ಎಂದು ತಿಳಿಸಿತ್ತು. ಜನ ಆದರೂ ಬಂದರು, ಇವರ ಅಪ್ಪ ಅಮ್ಮನೂ ಬಂದರು. ಮೊದಲು ಸಫೋಕ್ ಕಡೆಯ ಸ್ಟ್ರಾಡಿಷಲ್ ಎಂಬ ಹಳೇ ವಾಯುಪಡೆಯ ಶಿಬಿರದಲ್ಲಿ ಇಟ್ಟಿದ್ದರಂತೆ. ಅಲ್ಲಿ ಯಾರೋ ಒಂದು ಕೋಟು ಹೊದಿಸಿ ಕೆಮ್ಮಿನ ಔಷಧಿ ಕುಡಿಸಿದರು. "ಕೊಟ್ಟವರ ಮುಖ ನೆನಪಿಲ್ಲ. ಕೋಟಿನ ಬಣ್ಣ ನೆನಪಿದೆ" ಅನ್ನುತ್ತಾರೆ. ಮುಖ ನೆನಪಿಲ್ಲದ ಕಾರಣಕ್ಕೇ ಅವರು ಯಾರ ಹಂಗಿನಲ್ಲೂ ಇಲ್ಲ. ಋಣ ಮಾತ್ರ ಇದೆ. ಐವತ್ತು ವರ್ಷವಾದರೂ ಕೋಟಿನ ಬಣ್ಣವಾಗಿ ಉಳಿದಿದೆ.

ನಮ್ಮಲ್ಲಿ ದಾನದ ಬಗ್ಗೆ ಗ್ರಂಥಗಟ್ಟಲೆ ಚಿಂತನೆ ಇದೆ. ಭಗವದ್ಗೀತೆ ದೇಶ, ಕಾಲ, ಪಾತ್ರ ನೋಡಿ ಕೊಡಬೇಕು ಎನ್ನುತ್ತದೆ. ವಾಪಸು ಬರುತ್ತದೆಂಬ ಲೆಕ್ಕವಿಲ್ಲದೆ ಕೊಟ್ಟದ್ದನ್ನು ಸಾತ್ವಿಕ ಎನ್ನುತ್ತದೆ. ಜೈನರು ನಾಲ್ಕು ದಾನಗಳಲ್ಲಿ ಔಷಧ ದಾನವನ್ನು ಬಿಡದೆ ಎಣಿಸಿದರು. ಧರ್ಮಸ್ಥಳಕ್ಕೆ ಹೋದವರೆಲ್ಲ ಆ ಚತುರ್ವಿಧ ದಾನದ ಹೆಸರು ಕೇಳಿದವರೇ. ಆದರೆ ತೆಗೆದುಕೊಳ್ಳುವುದರ ಬಗ್ಗೆ? ಅಲ್ಲಿ ನಮ್ಮ ಹಿರಿಯರು ಹೆದರಿದ್ದೇ ಹೆಚ್ಚು. ಪ್ರತಿಗ್ರಹದಿಂದ ತೇಜಸ್ಸು ಕುಂದುತ್ತದೆ, ಕೊಟ್ಟವನ ಪಾಪ ತೆಗೆದುಕೊಂಡವನಿಗೆ ಅಂಟುತ್ತದೆ ಎಂದರು. ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ಈ ಮೇಲು ಕೆಳಗೇ ದಾನದೊಳಗಿನ ಮುಳ್ಳು.

ಆ ಮುಳ್ಳನ್ನು ಕಂಡು ಅದನ್ನು ತೆಗೆಯಲು ಹೊರಟವರು ಹನ್ನೆರಡನೇ ಶತಮಾನದ ಶರಣರು. ಅವರು ದಾನ ಅನ್ನಲಿಲ್ಲ, ದಾಸೋಹ ಅಂದರು. ಕೊಡುವವನು ದೊಡ್ಡವನಲ್ಲ, ಅವನೇ ದಾಸ; ಬಂದವನು ಬೇಡುವವನಲ್ಲ, ಅವನೇ ಒಡೆಯ. ಮೇಲಿನ ಕೈಯನ್ನು ಕೆಳಗೆ ತಂದರು. ನಾನು ಚಿಕ್ಕವಳಿದ್ದಾಗ ಅಪ್ಪ ಸಿದ್ಧಗಂಗಾ ಮಠಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಸಾಲಾಗಿ ಕೂತ ಸಾವಿರಾರು ಹುಡುಗರು, ಮುದ್ದೆ, ಸಾರು. ನೂರಹನ್ನೊಂದು ವರ್ಷ ಬದುಕಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಆಗ ಆ ಸಾಲುಗಳ ನಡುವೆ ಓಡಾಡುತ್ತಿದ್ದರು. ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಊಟವಲ್ಲ. ಆ ಸಾಲಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ ಅನ್ನುವುದು. ಯಾವ ಜಾತಿ, ಯಾವ ಊರು, ಕೊಡಲು ಶಕ್ತಿ ಇದೆಯೋ ಇಲ್ಲವೋ, ಏನನ್ನೂ ಕೇಳಲಿಲ್ಲ. ಹಸಿವೆ ಒಂದೇ ಚೀಟಿ.

ಅರವತ್ತರ ವಿನಾಯಿತಿಗೆ ನಾನು ಮನಸೋಲುವುದು ಇಲ್ಲೇ. ಬಡವರ ವಿನಾಯಿತಿಗೆ ಬಡತನ ತೋರಿಸಬೇಕು. ಯಾವ ನೆರವು ಬರುತ್ತಿದೆ, ಕಳೆದ ತಿಂಗಳು ಎಷ್ಟು ದುಡಿದಿರಿ, ಹಸಿರು ಚೀಟಿಯ ಬೆನ್ನ ಮೇಲಿನ ಯಾವ ಚೌಕಕ್ಕೆ ನೀವು ಸೇರುತ್ತೀರಿ? ತಪ್ಪು ಚೌಕಕ್ಕೆ ಟಿಕ್ ಹಾಕಿದರೆ ನೂರು ಪೌಂಡಿನವರೆಗೂ ದಂಡ. ಒಬ್ಬ ಚಿಕ್ಕ ತಾಯಿ ಅಂಥ ದಂಡದ ಕಾಗದ ಹಿಡಿದು ಬಂದು, ಮಗುವಿನ ಗಾಡಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, "ನಾನು ಕಳ್ಳಿಯಲ್ಲ" ಅಂದದ್ದು ನನ್ನ ಕಿವಿಯಲ್ಲಿದೆ. ಪಾತ್ರ ಅಪಾತ್ರ ನೋಡುವುದು ಅಂದರೆ ಕೊನೆಗೆ ಇದೇ. ಮುಪ್ಪಿಗೆ ಆ ಪರೀಕ್ಷೆ ಇಲ್ಲ. ದೊರೆಯೂ ಅದನ್ನು ದಾಟಬೇಕು, ಜಾಡಮಾಲಿಯೂ ದಾಟಬೇಕು. ದಾಟುವಾಗ ಯಾರೂ ಯಾವ ಸರ್ಟಿಫಿಕೇಟನ್ನೂ ತೋರಿಸಬೇಕಾಗಿಲ್ಲ. ಬಾಳಿದ್ದೇ ಅರ್ಹತೆ.

ಈ ಗೆರೆ ಎಲ್ಲಿರಬೇಕು ಎಂಬ ಜಗಳವೂ ನಡೆದಿದೆ. ಹೆಂಗಸರಿಗೆ ಅರವತ್ತಕ್ಕೆ, ಗಂಡಸರಿಗೆ ಅರವತ್ತೈದಕ್ಕೆ ಎಂಬ ಭೇದ ಬಹಳ ವರ್ಷ ಇತ್ತು. ನಿವೃತ್ತನಾದ ಒಬ್ಬ ಗಂಡಸು ಇದು ನ್ಯಾಯವಲ್ಲ ಅಂತ ಮೊಕದ್ದಮೆ ಹೂಡಿ ಯುರೋಪಿನ ನ್ಯಾಯಾಲಯದವರೆಗೂ ಹೋದ, 1995ರಲ್ಲಿ ಗೆದ್ದ. ಅಲ್ಲಿಂದ ಇಬ್ಬರಿಗೂ ಅರವತ್ತು. 2021ರಲ್ಲಿ ಸರ್ಕಾರ, ಪಿಂಚಣಿ ಅರವತ್ತಾರಕ್ಕಾದ ಮೇಲೆ ಔಷಧಿಯೂ ಅರವತ್ತಾರಕ್ಕೇ ಇರಲಿ ಎಂಬ ಪ್ರಸ್ತಾವ ಮುಂದಿಟ್ಟು ಜನರ ಅಭಿಪ್ರಾಯ ಕೇಳಿತು. ಎರಡು ವರ್ಷ ಕೌಂಟರಿನಲ್ಲಿ ಅದೇ ಮಾತು. 2023ರಲ್ಲಿ ಪ್ರಸ್ತಾವ ಕೈಬಿಟ್ಟರು. ಬಿಡದಿದ್ದರೆ ನಾನು ಇನ್ನೂ ಆರು ವರ್ಷ ಆ ಪ್ರಶ್ನೆಗೆ 'ಹೌದು' ಅನ್ನುತ್ತಿದ್ದೆ.

ಹಾಗಂತ ಎಲ್ಲ ಸರಿಯಾಯಿತೇ? ಇಲ್ಲ. ನಮ್ಮ ಅಂಗಡಿಗೆ ಒಬ್ಬರು ಬರುತ್ತಾರೆ. ನಲವತ್ತೇಳರ ಆಸುಪಾಸು, ರಾತ್ರಿ ಪಾಳಿಯಲ್ಲಿ ಬಸ್ಸು ತೊಳೆಯುವ ಕೆಲಸ. ಉಬ್ಬಸ ಇದೆ. ಹೋದ ಚಳಿಗಾಲದಲ್ಲಿ ಮೂರು ಔಷಧಿ ಬರೆದಿದ್ದರು: ನೀಲಿ ಇನ್‌ಹೇಲರ್, ಕಂದು ಇನ್‌ಹೇಲರ್, ಒಂದು ಆಂಟಿಬಯಾಟಿಕ್. 29.70 ಪೌಂಡ್. ಅವರು ಕೌಂಟರಿನ ಮೇಲೆ ಬಗ್ಗಿ, ಹಿಂದಿನವರಿಗೆ ಕೇಳಿಸದ ಹಾಗೆ, "ಇದರಲ್ಲಿ ಯಾವುದನ್ನು ಬಿಟ್ಟರೆ ನಡೆಯುತ್ತೆ?" ಅಂದರು. ಯಾವುದನ್ನೂ ಬಿಡಬಾರದು ಅಂತ ಫಾರ್ಮಸಿಸ್ಟರು ಬಂದು ಹೇಳಿದರು. ಅವರು ಕಂದು ಬಣ್ಣದ್ದನ್ನು ಬಿಟ್ಟುಹೋದರು. ನೀಲಿ ಎಳೆದುಕೊಂಡ ತಕ್ಷಣ ಉಸಿರು ಸಲೀಸಾಗುತ್ತದೆ. ಕಂದು ದಿನಾ ಎಳೆದುಕೊಂಡರೂ ಏನೂ ಆದಂತೆ ಕಾಣುವುದಿಲ್ಲ. ಆದರೆ ಉಬ್ಬಸ ಏಳದಂತೆ ತಡೆಯುವುದು ಕಂದೇ.

ಉಬ್ಬಸ ಆ ಪಟ್ಟಿಯಲ್ಲಿಲ್ಲ. 1968ರಲ್ಲಿ ಮಾಡಿದ ಪಟ್ಟಿಯಲ್ಲಿ ಮಾತ್ರೆ ಬೇಕಾಗುವ ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ಥೈರಾಯ್ಡ್ ಕುಂದಿದ್ದು ಹೀಗೆ ಕೆಲವೇ ಇವೆ. 2009ರಲ್ಲಿ ಕ್ಯಾನ್ಸರ್ ಸೇರಿತು. ನನ್ನ ನಾದಿನಿಗೆ ಮೂವತ್ತೆಂಟಕ್ಕೇ ಥೈರಾಯ್ಡ್. ಅವಳಿಗೆ ಆ ಮಾತ್ರೆ ಮಾತ್ರವಲ್ಲ, ಕಾಲುಬೆರಳಿನ ಹುಣ್ಣಿನ ಮುಲಾಮೂ ಪುಕ್ಕಟೆ. ಉಸಿರು ಕಟ್ಟುವವನಿಗೆ ಶುಲ್ಕ. ಗಡಿ ದಾಟಿದರೆ ಈ ಗೋಜೇ ಇಲ್ಲ: ಬೆವನ್ ಹುಟ್ಟಿದ ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಶುಲ್ಕವನ್ನೇ ತೆಗೆದುಹಾಕಿದವು. ಅಲ್ಲಿನ ಕೌಂಟರಿನಲ್ಲಿ ನಿಂತವರಿಗೆ ನನ್ನ ಪ್ರಶ್ನೆಯೇ ಗೊತ್ತಿಲ್ಲ.

"ನಾವು ಜೀವಮಾನವೆಲ್ಲ ತೆರಿಗೆ ಕಟ್ಟಿದ್ದೇವೆ, ಇದು ನಮ್ಮ ಹಕ್ಕು" ಎಂದು ನನ್ನ ವಯಸ್ಸಿನವರು ಹೇಳುತ್ತಾರೆ. ನಾನೂ ಬಸ್ಸಿನಲ್ಲಿ ಕೂತು ಅದನ್ನೇ ಹೇಳಿಕೊಂಡು ನೋಡಿದೆ. ನಾಟಲಿಲ್ಲ. ನಾನು ಕಟ್ಟಿದ್ದು ಅಂದಂದಿನ ಕಾಯಿಲೆಯವರಿಗೆ ಅಂದಂದೇ ಖರ್ಚಾಗಿ ಹೋಯಿತು. ನನ್ನ ಹೆಸರಿನ ಡಬ್ಬಿಯಲ್ಲಿ ಯಾರೂ ಕೂಡಿಟ್ಟಿಲ್ಲ. ನನ್ನ ಎರಡು ಹೆರಿಗೆ, ಯಜಮಾನರ ಕಣ್ಣಿನ ಪೊರೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಬಾಕಿ ಯಾರ ಕಡೆ ನಿಲ್ಲುತ್ತದೋ! ಇವತ್ತು ನನ್ನ ಮಾತ್ರೆಗೆ ದುಡ್ಡು ಹಾಕುತ್ತಿರುವವರಲ್ಲಿ ಆ ಬಸ್ಸು ತೊಳೆಯುವವರೂ ಒಬ್ಬರು. ಅವರು ತೆರಿಗೆಯಲ್ಲಿ ನನಗೆ ಕೊಡುತ್ತಾರೆ, ಕೌಂಟರಿನಲ್ಲಿ ತಮಗೆ ಕೊಟ್ಟುಕೊಳ್ಳುತ್ತಾರೆ. ಹಕ್ಕು ಎಂಬ ಮಾತು ಸುಳ್ಳಲ್ಲ. ಅದು ಹಂಗನ್ನು ಕಳೆಯುತ್ತದೆ. ಆ ಚಿಕ್ಕ ತಾಯಿಗೆ ಬೇಕಿದ್ದದ್ದು ಆ ಮಾತೇ. ಆದರೆ ಹೊಟ್ಟೆ ತುಂಬಿದ ನಾನು ಅದೇ ಮಾತು ಆಡಿದರೆ ಹಂಗಿನ ಜೊತೆಗೆ ಋಣವನ್ನೂ ಒರೆಸಿ ಹಾಕಿದ ಹಾಗಾಗುತ್ತದೆ.

ಋಣ ಒರೆಸಿಹೋದರೆ ಏನಾಗುತ್ತದೆ ಅನ್ನುವುದನ್ನೂ ಕೌಂಟರಿನಲ್ಲೇ ನೋಡಿದ್ದೇನೆ. ಯಾರಾದರೂ ತೀರಿಕೊಂಡ ಮೇಲೆ ಮನೆಯವರು ಅವರ ಔಷಧಿಗಳನ್ನು ಚೀಲದಲ್ಲಿ ತುಂಬಿ ತಂದು ಕೊಡುತ್ತಾರೆ. ಒಂದು ಸಲ ನಾಲ್ಕು ಚೀಲ ಬಂತು. ಸೀಲು ಒಡೆಯದ ಪೆಟ್ಟಿಗೆಗಳು, ನೋವಿನ ಮುಲಾಮು, ಹೊಟ್ಟೆ ಉರಿಯ ಮಾತ್ರೆ, ಒಂದೂವರೆ ವರ್ಷದ್ದು. ತಿಂಗಳು ತಿಂಗಳೂ ಚೀಟಿಯಲ್ಲಿ ಎಲ್ಲದಕ್ಕೂ ಟಿಕ್ ಹಾಕಿ ತರಿಸಿಕೊಂಡು ಕಪಾಟಿಗೆ ತುಂಬಿದ್ದು. ಪುಕ್ಕಟೆ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಅನ್ನುವುದು ಬರೀ ನಮ್ಮೂರ ಗಾದೆಯಲ್ಲ. ಒಮ್ಮೆ ಅಂಗಡಿಯಿಂದ ಹೊರಗೆ ಹೋದ ಔಷಧಿಯನ್ನು ಮತ್ತೊಬ್ಬರಿಗೆ ಕೊಡುವ ಹಾಗಿಲ್ಲ. ನಾಲ್ಕು ಚೀಲವನ್ನೂ ಸುಡಲು ಕಳಿಸಿದೆವು. ಆ ವಾರವೇ ಒಬ್ಬರು ಕಂದು ಇನ್‌ಹೇಲರ್ ಬಿಟ್ಟುಹೋಗಿದ್ದರು.

ಆವತ್ತು ನನಗೆ ಆ ಶರಣರಲ್ಲೊಬ್ಬಳಾದ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಕಲ್ಯಾಣದಲ್ಲಿ ಗಂಡ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುವವನು, ಅದೇ ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ನಮಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಅಲ್ಲೇ ಸುರಿದು ಬಾ ಅಂದಳು. ಬಿದ್ದ ಅಕ್ಕಿ. ಯಾರ ಕೈಯಿಂದಲೂ ಕಿತ್ತದ್ದಲ್ಲ. ಕೊಟ್ಟವರೂ ಇಲ್ಲ, ಕೇಳುವವರೂ ಇಲ್ಲ. ಆದರೂ ಸಲ್ಲದು. ಕೊಟ್ಟವರ ಮುಖ ಕಾಣದಿದ್ದಾಗಲೇ ತೆಗೆದುಕೊಳ್ಳುವವರ ಧರ್ಮ ಶುರುವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುಖ ಇದ್ದರೆ ಹಂಗು ನಮ್ಮನ್ನು ಹದದಲ್ಲಿಡುತ್ತದೆ. ಮುಖ ಇಲ್ಲದಾಗ ನಮ್ಮನ್ನು ನಾವೇ ಹದದಲ್ಲಿಟ್ಟುಕೊಳ್ಳಬೇಕು.

ನನಗೆ ಇನ್ನು ಉಳಿತಾಯವಾಗುವ 114.50 ಪೌಂಡನ್ನು ಆ ಬಸ್ಸು ತೊಳೆಯುವವರ ಸರ್ಟಿಫಿಕೇಟಿಗೆ ಕಟ್ಟಿಬಿಡಲೇ ಅಂತಲೂ ಯೋಚಿಸಿದೆ. ಸುಲಭ, ಫೋನಿನಲ್ಲೇ ಆಗುತ್ತದೆ. ಆಮೇಲೆ? ಅವರು ಪ್ರತಿ ತಿಂಗಳು ಬಂದಾಗ ನನ್ನ ಮುಖ ನೋಡಬೇಕು. ಮೂರನೇ ತಿಂಗಳಿಗೆ ಬೇರೆ ಅಂಗಡಿ ಹುಡುಕಿಕೊಳ್ಳುತ್ತಾರೆ. ನನ್ನ ಪುಣ್ಯ ಅವರ ಕತ್ತಿನ ಮೇಲೆ ಕೂರುತ್ತದೆ. ಖಜಾನೆಗೆ ಕಣ್ಣಿಲ್ಲ, ಅದೇ ಅದರ ದೊಡ್ಡಗುಣ. ಹಾಗಾಗಿ ಮಾಡಿದ್ದು ಇಷ್ಟು: ಮುಂಗಡದ ದುಡ್ಡನ್ನು ಒಟ್ಟಿಗೇ ಕಟ್ಟಬೇಕಿಲ್ಲ, ತಿಂಗಳಿಗಿಷ್ಟು ಅಂತ ಹತ್ತು ಕಂತಿನಲ್ಲಿ ಬ್ಯಾಂಕಿನಿಂದ ಕಡಿತವಾಗುವ ಹಾಗೆ ಮಾಡಬಹುದು ಎಂದು ಕೂರಿಸಿ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಈಗ "ಹೌದು, ದುಡ್ಡು ಕೊಡುತ್ತೇನೆ" ಅಂದವರಿಗೆಲ್ಲ ಅದನ್ನು ಹೇಳುತ್ತೇನೆ. ಸರದಿ ಉದ್ದವಾದರೂ ಹೇಳುತ್ತೇನೆ. ನಮ್ಮ ಸಂಸದರಿಗೆ ಒಂದು ಕಾಗದವನ್ನೂ ಬರೆದೆ, ಬಾಳಿನಲ್ಲಿ ಮೊದಲ ಸಲ. ನನಗೆ ಕೊಟ್ಟದ್ದನ್ನು ಕಿತ್ತುಕೊಳ್ಳಿ ಅಂತಲ್ಲ. ಪಂಕ್ತಿಯನ್ನು ಇನ್ನೂ ಒಂದಿಷ್ಟು ಉದ್ದ ಮಾಡಿ, ಉಬ್ಬಸದವರೂ ಕೂರಲಿ ಅಂತ.

ಹುಟ್ಟುವಾಗಲೇ ಮನುಷ್ಯ ದೇವಋಣ, ಋಷಿಋಣ, ಪಿತೃಋಣ ಹೊತ್ತು ಬರುತ್ತಾನೆ ಎಂದು ವೈದಿಕರು ಹೇಳುತ್ತಾರೆ. ತಂದೆ ತಾಯಿಯ ಋಣವನ್ನು ಅವರಿಗೇ ತೀರಿಸಲಾಗದು, ನಾವು ಮಕ್ಕಳನ್ನು ಸಾಕಿ ತೀರಿಸಬೇಕು. ಗುರುವಿನದು ಮುಂದಿನವರಿಗೆ ಕಲಿಸಿ. ಋಣ ಯಾವಾಗಲೂ ಮುಂದಕ್ಕೆ ಹರಿಯುವ ನೀರು. ಅಪ್ಪನಿಗೆ ಈ ಶಾಸ್ತ್ರವೆಲ್ಲ ಗೊತ್ತಿರಲಿಲ್ಲ. ಆದರೆ ಆ ಹಾರ್ಲಿಕ್ಸ್ ಡಬ್ಬಿ ತುಂಬಿದಾಗ ಅವರು ಸಂತೆಗೆ ಹೋಗಿ ಹಳೇ ಸೀಸೆಗಳನ್ನೂ ಬಿರಡೆಗಳನ್ನೂ ಕೊಂಡು ತರುತ್ತಿದ್ದರು. ಔಷಧಿ ಪುಕ್ಕಟೆಯಾದರೂ ಸೀಸೆ ಇಲ್ಲದೆ ಬಂದವರು ಬರಿಗೈಯಲ್ಲಿ ವಾಪಸು ಹೋಗಬೇಕಿತ್ತಲ್ಲ, ಅವರಿಗೆ. ಅಮ್ಮ ಬಾವಿಕಟ್ಟೆಯಲ್ಲಿ ಕೂತು ಅವನ್ನೆಲ್ಲ ಬೂದಿ ಹಾಕಿ ತೊಳೆಯುತ್ತಿದ್ದರು. ಯಾರ ಕಾಸು ಯಾರ ಸೀಸೆಯಾಯಿತೋ ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ.

ಹೋದ ವಾರ ನನ್ನ ತಿಂಗಳ ಚೀಟಿ ಬಂತು. ಈಗ ಅದರಲ್ಲಿ ನಾಲ್ಕು ಹೆಸರಿವೆ. ಮೊಣಕಾಲಿಗೆ ಹಚ್ಚುವುದೊಂದು, ಹೊಟ್ಟೆ ಉರಿಗೊಂದು ಸೇರಿಕೊಂಡಿವೆ. ಎರಡಕ್ಕೆ ಟಿಕ್ ಹಾಕಿ ಕೊಟ್ಟೆ. ಆ ಗುಜರಾತಿ ಹುಡುಗಿ ಚೀಟಿ ನೋಡಿ, ನನ್ನನ್ನು ನೋಡಿ, "ಆಂಟಿ, ಉಳಿದೆರಡು ಮರೆತಿರಾ? ಹೇಗೂ ನಿಮಗೆ ದುಡ್ಡಿಲ್ಲ" ಅಂದಳು.

"ಮರೆತಿಲ್ಲಮ್ಮ. ಮನೇಲಿ ಇನ್ನೂ ಇದೆ" ಅಂದೆ.